ಪ್ರಾಯಶ್ಚಿತ್ತ (ಕ್ರೈಸ್ತ ಧರ್ಮ)

ಕ್ರೈಸ್ತ ದೈವಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಎಂದರೆ, ಪಾಪದಿಂದಾಗಿ ದೇವರಿಂದ ದೂರವಾಗಿದ್ದ ಮಾನವಕುಲವು ಯೇಸು ಕ್ರಿಸ್ತನ ಶಿಲುಬೆಯ ಮರಣ ಹಾಗೂ ಪುನರುತ್ಥಾನದ ಮೂಲಕ ದೇವರೊಂದಿಗೆ ಮತ್ತೆ ಒಂದಾಯಿತು ಎಂಬ ಬೋಧನೆ. ಸಾಮಾನ್ಯ ಬಳಕೆಯಲ್ಲಿ ತಪ್ಪು ಮಾಡಿದವನೇ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾನೆ. ಇಲ್ಲಿ ಅದನ್ನು ನೆರವೇರಿಸುವವನು ನಿರಪರಾಧಿಯಾದ ಕ್ರಿಸ್ತ. ಕನ್ನಡ ಬೈಬಲಿನಲ್ಲಿ ಇದಕ್ಕೆ 'ದೋಷಪರಿಹಾರ' ಎಂಬ ಪದವಿದೆ. ಒಬ್ಬನ ಮರಣವು ಎಲ್ಲರ ರಕ್ಷಣೆಗೆ ಹೇಗೆ ಕಾರಣವಾಯಿತು ಎಂಬುದನ್ನು ಪ್ರಾಚೀನ ಸಾರ್ವತ್ರಿಕ ಮಹಾಸಭೆಗಳು ನಿರ್ಣಯಿಸಲಿಲ್ಲ. ಆದ್ದರಿಂದ ಒಂದೇ ನಂಬಿಕೆಗೆ ಹಲವು ವಿವರಣೆಗಳು ಹುಟ್ಟಿಕೊಂಡವು.

ಹಿನ್ನೆಲೆ

ಈ ಕಲ್ಪನೆಯ ಬೇರು ಯೆಹೂದ್ಯರ ದೋಷಪರಿಹಾರಕ ದಿನದ ಆಚರಣೆಯಲ್ಲಿದೆ. ಹಳೆಯ ಒಡಂಬಡಿಕೆಯ ಯಾಜಕಕಾಂಡದ 16ನೆಯ ಅಧ್ಯಾಯದ ಪ್ರಕಾರ, ಆ ದಿನ ಎರಡು ಹೋತಗಳಲ್ಲಿ ಒಂದನ್ನು ಬಲಿ ಕೊಡಲಾಗುತ್ತಿತ್ತು. ಇನ್ನೊಂದರ ತಲೆಯ ಮೇಲೆ ಮಹಾಯಾಜಕನು ಕೈಗಳನ್ನಿಟ್ಟು, ಜನರ ಪಾಪಗಳನ್ನು ಅರಿಕೆಮಾಡಿ, ಅದನ್ನು ಅಡವಿಗೆ ಬಿಡಿಸುತ್ತಿದ್ದನು. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆಯು ಕ್ರಿಸ್ತನನ್ನು ಮಹಾಯಾಜಕನೆಂದೂ ಬಲಿಯೆಂದೂ ಏಕಕಾಲಕ್ಕೆ ಕಾಣುತ್ತದೆ. ಸುವಾರ್ತೆಗಳಲ್ಲಿ ಸೆರೆಯಾಳನ್ನು ಬಿಡಿಸಲು ತೆರುವ 'ಈಡಿ'ನ ರೂಪಕವೂ ಇದೆ.

ಪ್ರಮುಖ ವಿವರಣೆಗಳು

ಈಡನ್ನು ತೆತ್ತದ್ದು ಯಾರಿಗೆ? ಮೊದಲ ಶತಮಾನಗಳ ಚರ್ಚೆಯಲ್ಲಿ ಈ ಪ್ರಶ್ನೆಯೇ ಮುಖ್ಯವಾಯಿತು. 4ನೆಯ ಶತಮಾನದ ನಿಸ್ಸಾದ ಗ್ರೆಗರಿಯ ಪ್ರಕಾರ ಮನುಷ್ಯರನ್ನು ಸೆರೆಯಲ್ಲಿಟ್ಟಿದ್ದ ಸೈತಾನನಿಗೆ: ಕ್ರಿಸ್ತನ ಮಾನವದೇಹವೆಂಬ ಎರೆಯನ್ನು ನುಂಗಿದ ಸೈತಾನನು ಒಳಗಿದ್ದ ದೈವತ್ವದ ಗಾಳಕ್ಕೆ ಸಿಕ್ಕಿಬಿದ್ದನು. ಆತನ ಸಮಕಾಲೀನ ನಾಜಿಯಾನ್ಜಸ್‌ನ ಗ್ರೆಗರಿ ಇದನ್ನು ಒಪ್ಪಲಿಲ್ಲ. ದರೋಡೆಗಾರನಿಗೆ ದೇವರು ಬೆಲೆ ತೆರುವುದು ಅವಮಾನಕರ. ತಂದೆಯಾದ ದೇವರಿಗೆ ತೆತ್ತದ್ದೆನ್ನಲು ನಮ್ಮನ್ನು ಸೆರೆಯಲ್ಲಿಟ್ಟವನು ಆತನಲ್ಲ ಎಂಬುದು ಆತನ ವಾದ.

ಕ್ಯಾಂಟರ್‌ಬರಿಯ ಆನ್ಸೆಲ್ಮ್ 1098ರಲ್ಲಿ ಮುಗಿಸಿದ 'ದೇವರು ಮಾನವನಾದದ್ದೇಕೆ' ಎಂಬ ಲ್ಯಾಟಿನ್ ಸಂವಾದಗ್ರಂಥದಲ್ಲಿ ಸೈತಾನನ ಹಕ್ಕನ್ನೇ ತಳ್ಳಿಹಾಕಿದನು. ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದು. ಈ ಋಣ ಮನುಷ್ಯನದು, ತೀರಿಸುವ ಶಕ್ತಿಯಿರುವುದು ದೇವರಿಗೆ ಮಾತ್ರ. ಆದ್ದರಿಂದ ದೇವಮಾನವನೇ ಬರಬೇಕಾಯಿತು. ಆನ್ಸೆಲ್ಮ್‌ನ ದೃಷ್ಟಿಯಲ್ಲಿ ಋಣ ತೀರಿಸುವುದು ಶಿಕ್ಷೆಗೆ ಪರ್ಯಾಯವೇ ಹೊರತು ಶಿಕ್ಷೆಯಲ್ಲ. ಈ ಭೇದವನ್ನು ಅನೇಕರು ಗಮನಿಸುವುದಿಲ್ಲ. ಪಾಪಿಗಳಿಗೆ ಸಲ್ಲಬೇಕಿದ್ದ ಶಿಕ್ಷೆಯನ್ನೇ ಕ್ರಿಸ್ತನು ಅನುಭವಿಸಿದನೆಂಬ ವಾದವನ್ನು 16ನೆಯ ಶತಮಾನದಲ್ಲಿ ಬಲವಾಗಿ ಮಂಡಿಸಿದವನು ಕಾನೂನು ಓದಿದ್ದ ಜಾನ್ ಕ್ಯಾಲ್ವಿನ್.

12ನೆಯ ಶತಮಾನದ ಪೀಟರ್ ಅಬೆಲಾರ್ಡ್, ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದೇ ಕ್ರೌರ್ಯವಲ್ಲವೇ ಎಂದು ಪ್ರಶ್ನಿಸಿ, ಶಿಲುಬೆಯಲ್ಲಿ ಪ್ರಕಟವಾದ ಪ್ರೀತಿಯು ಮನುಷ್ಯನ ಹೃದಯವನ್ನು ಬದಲಿಸುತ್ತದೆ ಎಂದನು. ಶಿಕ್ಷೆಯ ಸಿದ್ಧಾಂತವು ಹಿಂಸೆಯನ್ನು ಪವಿತ್ರಗೊಳಿಸುತ್ತದೆ ಎಂಬ ಇತ್ತೀಚಿನ ಸ್ತ್ರೀವಾದಿ ದೈವಶಾಸ್ತ್ರಜ್ಞರ ಆಕ್ಷೇಪವೂ ಇದಕ್ಕೆ ಹತ್ತಿರವಾದುದು. ಸ್ವೀಡನ್ನಿನ ಗುಸ್ತಾಫ್ ಔಲೆನ್ 1930ರಲ್ಲಿ ಪಾಪ, ಮರಣ ಮತ್ತು ಸೈತಾನನ ಮೇಲಿನ ಕ್ರಿಸ್ತನ ವಿಜಯವೇ ಮೂಲ ಕ್ರೈಸ್ತ ದೃಷ್ಟಿಯೆಂದು ವಾದಿಸಿದನು. ಪೂರ್ವದ ಆರ್ಥಡಾಕ್ಸ್ ಸಭೆಗಳ ಈಸ್ಟರ್ ಆರಾಧನೆಯಲ್ಲಿ ಇಂದಿಗೂ ಪ್ರಧಾನವಾಗಿರುವುದು ಮರಣದ ಮೇಲಿನ ಈ ಜಯವೇ.