ಹಿಂದಿನ ಸೀಟಿಗೆ ಯಾವ ಕಡೆಯಿಂದ ಹತ್ತಬೇಕು?

ಭಾರತ ಹುಣ್ಣಿಮೆ ಹತ್ತಿರವಾದಾಗ ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ಸಾಲುಗಟ್ಟಿ ಕಾಡಿನ ದಾರಿ ಹಿಡಿಯುತ್ತವೆ. ದಾಂಡೇಲಿ, ಜೋಯಿಡಾ ಹಾದು ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಹೊರಟ ಗಾಡಿಗಳವು. ಮೇಲೆ ಕೊಲ್ಲಾರಿಯ ಹೊದಿಕೆ ಕಟ್ಟಿದ ಗಾಡಿಯೊಳಗೆ ಮುದುಕರು, ಹೆಂಗಸರು, ಮಕ್ಕಳು, ರೊಟ್ಟಿಯ ಗಂಟು. ಎಲ್ಲರೂ ಹತ್ತುವುದು ಹಿಂದಿನಿಂದ. ಮುಂದೆ ಎತ್ತು ಮತ್ತು ನೊಗ, ಎರಡೂ ಪಕ್ಕದಲ್ಲಿ ದೊಡ್ಡ ಗಾಲಿ. ಬೇರೆ ದಾರಿಯೇ ಇಲ್ಲ. ಎರಡು ಗಾಲಿಯ ಗಾಡಿ ತಕ್ಕಡಿಯಿದ್ದ ಹಾಗೆ, ಹಿಂದೆ ಭಾರ ಬಿದ್ದರೆ ನೊಗ ಮೇಲೇಳುತ್ತದೆ. ಹಾಗಾಗಿ ಮೊದಲು ಹತ್ತಿದವರು ಮುಂದೆ ಸರಿಯಲೇಬೇಕು. ‘ಮುಂದ ಸರೀರಿ’ ಎಂಬ ಮಾತು ಅಲ್ಲಿ ಬರಿಯ ಉಪಚಾರವಲ್ಲ, ಗಾಡಿಯ ಸಮತೋಲದ ಲೆಕ್ಕ.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಮೋಟಾರು ಬಂದ ಮೇಲೂ ಈ ಹಿಂಬದಿಯ ದಾರಿ ಮುಚ್ಚಲಿಲ್ಲ. ಎರಡೇ ಬಾಗಿಲಿನ ವಾಹನದಲ್ಲಿ ಹಿಂದೆ ಕೂರುವವರು ಒಳಹೋಗುವುದು ಹೇಗೆ ಎಂಬ ಪ್ರಶ್ನೆಗೆ ಜಗತ್ತಿನ ಕಾರು ಕಾರ್ಖಾನೆಗಳು ಒಂದು ಉತ್ತರ ಕೊಟ್ಟವು, ಕಾಡಂಚಿನ ಊರುಗಳು ಇನ್ನೊಂದು.

ಕಾರ್ಖಾನೆಗಳ ಉತ್ತರ ಎಲ್ಲರಿಗೂ ಗೊತ್ತಿರುವಂಥದ್ದು. ಮುಂದಿನ ಸೀಟಿನ ಬೆನ್ನನ್ನು ಬಾಗಿಸಿ, ಇಡೀ ಸೀಟನ್ನು ಮುಂದಕ್ಕೆ ನೂಕಿ, ಆ ಸಂದಿಯಲ್ಲಿ ಮನುಷ್ಯನನ್ನು ತೂರಿಸುವುದು. ಬಾಗಿಲು ಕಡಿಮೆಯಾದರೆ ಖರ್ಚು ಕಡಿಮೆ, ಬಾಡಿ ಗಟ್ಟಿ, ಹಿಂದೆ ಕೂತ ಮಗು ಬಾಗಿಲು ತೆಗೆದೀತೆಂಬ ಭಯವೂ ಇಲ್ಲ. ಯುರೋಪಿನಲ್ಲಿ 1957ರ ಫಿಯೆಟ್ 500, 1959ರ ಮಿನಿ ಈ ಲೆಕ್ಕದ ಮೇಲೆಯೇ ಗೆದ್ದವು. ಹತ್ತುವವರಿಗೆ ಮಾತ್ರ ಅದೊಂದು ಸಣ್ಣ ಕಸರತ್ತು. ತಲೆ ತಗ್ಗಿಸಿ, ಒಂದು ಕಾಲು ಒಳಗಿಟ್ಟು, ಬಾಗಿಲಿಗೆ ಅಡ್ಡ ಬರುವ ಬೆಲ್ಟಿಗೆ ಸಿಕ್ಕಿಕೊಳ್ಳದೆ, ಸೊಂಟ ತಿರುಗಿಸಿ ದೊಪ್ಪನೆ ಕೂರಬೇಕು. ಸೀರೆ ಉಟ್ಟವರಿಗೆ, ಮಂಡಿನೋವಿನವರಿಗೆ ಇದು ಎಷ್ಟು ಸುಲಭವೆಂದು ವಿನ್ಯಾಸಕಾರರನ್ನು ಯಾರೂ ಕೇಳಿದಂತಿಲ್ಲ.

ಭಾರತದಲ್ಲಿ ಈ ಉತ್ತರ ಮತ್ತೆ ಮತ್ತೆ ಸೋತಿತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಲ್ಲಿ ಹೊರತಂದ ಹೆರಾಲ್ಡ್ ಎರಡು ಬಾಗಿಲಿನದು. ಎದುರಿಗೆ ಅಂಬಾಸಿಡರ್ ಮತ್ತು ಫಿಯೆಟ್ 1100, ಎರಡಕ್ಕೂ ನಾಲ್ಕು ಬಾಗಿಲು. ಕೊನೆಗೆ ಹೆರಾಲ್ಡ್ ಕೂಡ ನಾಲ್ಕು ಬಾಗಿಲು ಮಾಡಿಕೊಂಡಿತು. ಹುಟ್ಟಿದ ದೇಶವಾದ ಬ್ರಿಟನ್ನಿನಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡ್ ತಯಾರಾಗಲೇ ಇಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ಸುಜುಕಿಯ ಸಣ್ಣ ಕಾರಿಗೆ ಜಪಾನಿನಲ್ಲಿ ಎರಡು ರೂಪವಿತ್ತು: ಪಕ್ಕದಲ್ಲಿ ಎರಡೇ ಬಾಗಿಲಿನ ಆಲ್ಟೊ, ನಾಲ್ಕು ಬಾಗಿಲಿನ ಫ್ರಾಂಟೆ. 1983ರಲ್ಲಿ ಮಾರುತಿ 800 ಆಗಿ ಇಲ್ಲಿಗೆ ಬಂದದ್ದು ಎರಡನೆಯದು.

ಬೆಂಗಳೂರು ಈ ಪಾಠವನ್ನು ಎರಡು ಸಲ ಕಲಿಯಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಅಚ್ಚಿನಲ್ಲಿ ಸಿಪಾನಿಯವರು 1982ರಲ್ಲಿ ಡಾಲ್ಫಿನ್ ತಂದರು. ಫೈಬರ್ ಬಾಡಿ, 848 ಸಿಸಿ ಎಂಜಿನ್, ಪಕ್ಕದಲ್ಲಿ ಎರಡೇ ಬಾಗಿಲು. ಹಗುರವಾದ್ದರಿಂದ ರ್ಯಾಲಿ ಓಡಿಸುವವರಿಗೆ ಅದು ಪ್ರಿಯವಾಯಿತು, ಸಂಸಾರಸ್ಥರಿಗೆ ಆಗಲಿಲ್ಲ. ಅದೇ ದಶಕದಲ್ಲಿ ಬಾಗಿಲು ಹೆಚ್ಚಿಸಿಕೊಂಡು ಅದು ಮೊಂಟಾನಾ ಆಯಿತು. 2001ರಲ್ಲಿ ಅದೇ ನಗರದಿಂದ ಬಂದ ವಿದ್ಯುತ್ ಕಾರು ರೇವಾದ ಹಿಂಬದಿ ಮಕ್ಕಳಿಗಷ್ಟೇ ಸಾಲುವಷ್ಟಿತ್ತು. ಮಹೀಂದ್ರಾ ಕೈಗೆ ಹೋದ ಮೇಲೆ 2013ರಲ್ಲಿ ಅದರ ಮುಂದಿನ ಪೀಳಿಗೆಯಾಗಿ ಇ2ಒ ಬಂತು. ನಾಲ್ಕು ಸೀಟು, ಬಾಗಿಲು ಮಾತ್ರ ಎರಡು. ಮೂರೇ ವರ್ಷದಲ್ಲಿ ನಾಲ್ಕು ಬಾಗಿಲಿನ ಇ2ಒ ಪ್ಲಸ್ ತರಬೇಕಾಯಿತು.

ಇದಕ್ಕೆ ಕುಟುಂಬದ ಗಾತ್ರವೊಂದೇ ಕಾರಣವೆಂದು ಹೇಳುವುದು ಅರ್ಧ ಸತ್ಯ. ನಮ್ಮಲ್ಲಿ ಬಹುಕಾಲ ಕಾರಿನ ಹಿಂದಿನ ಸೀಟು ಯಜಮಾನರದು, ಮುಂದಿನದು ಡ್ರೈವರನದು. ಡ್ರೈವರ್ ನೆಟ್ಟಗೆ ಕುಳಿತಿರಲು ಸಾಹುಕಾರರು ಬೆನ್ನು ಬಗ್ಗಿಸಿ ತೂರುವುದು ಯಾರಿಗೂ ಒಗ್ಗುವ ನೋಟವಲ್ಲ. ಮನೆಯ ಕಾರಿನಲ್ಲಿ ಅದೇ ಜಾಗಕ್ಕೆ ಅಜ್ಜ ಅಜ್ಜಿ ಬಂದರು. ಹಿಂದೆ ಕೂರುವವರು ದೊಡ್ಡವರಾದ ಕಡೆ ಎರಡು ಬಾಗಿಲು ನಿಲ್ಲಲಿಲ್ಲ.

ಹಿಂದೆ ಕೂರುವವರು ಕೂಲಿಗಳೋ ಗಾರ್ಡುಗಳೋ ಸಂತೆಗೆ ಹೊರಟವರೋ ಆದ ಕಡೆ ಕಥೆ ತಿರುಗಿತು. ಆ ಕಥೆಯ ನಾಯಕ ಜೀಪು.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಬಾಗಿಲೇ ಇರಲಿಲ್ಲ, ಸ್ಟೆಪ್ನಿ ಹಿಂಬದಿಗೆ ಅಂಟಿಕೊಂಡಿತ್ತು. ಸೈನಿಕರು ಪಕ್ಕದಿಂದಲೇ ಹಾರಿ ಒಳಗೆ ಬೀಳುತ್ತಿದ್ದರು. 1945ರಲ್ಲಿ ಅದೇ ಜೀಪು ರೈತರಿಗಾಗಿ ಸಿಜೆ-2ಎ ಎಂಬ ಹೆಸರು ಹೊತ್ತಾಗ ಸಣ್ಣ ಬದಲಾವಣೆಯೊಂದು ಆಯಿತು. ಸ್ಟೆಪ್ನಿ ಪಕ್ಕಕ್ಕೆ ಹೋಯಿತು, ಹಿಂದೆ ಕೆಳಗಿಳಿಸುವ ಹಲಗೆ ಬಂತು. ಅಮೆರಿಕದ ಹೊಲಗಳ ಸರಂಜಾಮು ಏರಿಸಲೆಂದು ಮಾಡಿದ ಹಲಗೆ ಅದು. 1947ರ ನಂತರ ಮುಂಬಯಿಯಲ್ಲಿ ಮಹೀಂದ್ರಾ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಆ ಹಲಗೆಯ ದಾರಿಯಲ್ಲಿ ಚೀಲಗಳ ಬದಲು ಜನ ಹತ್ತಿದರು. ಎದುರುಬದುರು ಎರಡು ಉದ್ದ ಬೆಂಚು, ಮೇಲೆ ಕ್ಯಾನ್ವಾಸ್ ಹುಡ್, ಹಿಡಿಯಲು ಕಬ್ಬಿಣದ ಕಂಬಿ. ಚಕ್ಕಡಿ ಹತ್ತಿ ಬಲ್ಲವರಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ.

ಈ ನಾಲ್ಕು ತಾಲ್ಲೂಕುಗಳ ನಕ್ಷೆ ನೋಡಿದರೆ ಜೀಪು ಇಲ್ಲಿಗೆ ಯಾಕೆ ಒಪ್ಪುತ್ತದೆಂದು ತಿಳಿಯುತ್ತದೆ. 1956ರಲ್ಲಿ ದಾಂಡೇಲಿ ಅಭಯಾರಣ್ಯ, ಅದೇ ದಶಕದಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್, 1966ರಿಂದ ಮುಂಡಗೋಡದ ಟಿಬೆಟನ್ ನೆಲೆಗಳು, ಆಮೇಲೆ ಕಾಳಿ ನದಿಗೆ ಅಡ್ಡವಾಗಿ ಸೂಪಾ ಅಣೆಕಟ್ಟು. ಪ್ರತಿಯೊಂದಕ್ಕೂ ಡಾಂಬರು ಮುಗಿದ ಮೇಲಿನ ದಾರಿಯಲ್ಲಿ ಆರೆಂಟು ಜನರನ್ನು ಒಯ್ಯಬೇಕಾದ ಕೆಲಸ. ಸಾಹೇಬರು ಮುಂದೆ, ಉಳಿದವರು ಹಿಂದೆ. ಕುಣಬಿ, ಸಿದ್ದಿ, ಗೌಳಿ ಜನರ ಚದುರಿದ ವಾಡೆಗಳ ಕಡೆಗೂ ಇಂಥದೇ ಹಿಂಬಾಗಿಲಿನ ಗಾಡಿ ಬೇಕಿತ್ತು. ಟ್ರ್ಯಾಕ್ಸು, ಕ್ರೂಸರು ಬಂದಾಗಲೂ ಹಿಂಬದಿಯ ಬೆಂಚಿಗೆ ಹಿಂದಿನ ಬಾಗಿಲೇ ಉಳಿಯಿತು. ಮೋಟಾರು ವಾಹನ ಕಾಯ್ದೆ ಮ್ಯಾಕ್ಸಿಕ್ಯಾಬಿಗೆ ಡ್ರೈವರ್ ಬಿಟ್ಟು ಹನ್ನೆರಡು ಜನರ ಮಿತಿ ಹಾಕಿದೆ. ‘ಹಿಂದ ಹತ್ರೀ, ಜರಾ ಒಳಗ ಸರೀರಿ ಅಕ್ಕಾರ’ ಎಂಬ ಕೂಗಿಗೆ ಆ ಲೆಕ್ಕ ಸದಾ ನೆನಪಿರುತ್ತದೆಂದು ಹೇಳಲಾಗದು.

ಹಿಂಬಾಗಿಲಿಗೆ ತನ್ನದೇ ಶಿಷ್ಟಾಚಾರವೂ ಇದೆ. ಮೊದಲು ಹತ್ತಿದವರು ಕೊನೆಗೆ ಇಳಿಯುತ್ತಾರೆ. ದೂರದ ಊರಿನವರು ಒಳಗೆ, ಹತ್ತಿರದವರು ಬಾಗಿಲ ಬಳಿ. ಈ ಕ್ರಮ ತಪ್ಪಿದರೆ ಒಬ್ಬರು ಇಳಿಯಲು ನಾಲ್ವರು ಇಳಿಯಬೇಕು. ಇನ್ನು ಅಣಶಿ ಘಟ್ಟದಂಥ ತಿರುವುಗಳಲ್ಲಿ ಎದುರುಬದುರಿನ ಈ ಅಡ್ಡ ಬೆಂಚಿನ ಪಾಡು ಹೇಳತೀರದು. ಬ್ರೇಕ್ ಬಿದ್ದರೆ ಇಡೀ ಸಾಲು ಪಕ್ಕದವರ ಮೇಲೆ ಜಾರುತ್ತದೆ, ಮುಂದಿನ ದಾರಿ ಕಾಣದ್ದರಿಂದ ಹೊಟ್ಟೆ ತೊಳಸುತ್ತದೆ.

ಕಾಡು ಪ್ರವಾಸದ ತಾಣವಾದಾಗ ಸೀಟುಗಳ ಅಂತಸ್ತು ತಲೆಕೆಳಗಾಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ಮೂಲತಃ ಎರಡು ಬಾಗಿಲಿನ, ಹಿಂದೆ ಅಡ್ಡ ಬೆಂಚಿನ ಗಾಡಿ. ಸಫಾರಿಗೆಂದು ಅದರ ಹುಡ್ ಕಿತ್ತು, ಬೆಂಚು ತೆಗೆದು, ಮುಂದಕ್ಕೆ ಮುಖಮಾಡಿದ ಸೀಟುಗಳನ್ನು ಸಾಲುಸಾಲಾಗಿ, ಸಿನಿಮಾ ಟಾಕೀಸಿನ ಬಾಲ್ಕನಿಯಂತೆ, ಎತ್ತರಿಸಿ ಕೂರಿಸಿದರು. ಹುಲಿ, ಕಾಟಿ ಕಾಣಬೇಕೆಂದರೆ ಹಿಂದೆ ಕೂರುವುದೇ ಮೇಲು. ಬಾಗಿಲಿನ ಮಾತು ಅಲ್ಲಿಗೆ ಮುಗಿಯಿತು. ಪಕ್ಕಕ್ಕೆ ಬೆಸೆದ ಮೆಟ್ಟಿಲು ಹಿಡಿದು ಏರುವುದು. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದ ಈ ಕಾಡಿಗೆ ಬರುವವರು ಹಾಗೆ ಏರುವಾಗ, ಕಾರಿನ ಹಿಂದಿನ ಸೀಟಿಗೆ ಬಗ್ಗಿ ತೂರುವುದಕ್ಕೆ ಗೊಣಗಿದವರೂ ಖುಷಿಯಿಂದಲೇ ಏರುತ್ತಾರೆ.

ಗಣೇಶಗುಡಿಯ ರ್ಯಾಫ್ಟಿಂಗಿಗೆ ವಾರಾಂತ್ಯದಲ್ಲಿ ಬರುವ ಥಾರ್‌ಗಳಲ್ಲಿ ಈ ಇತಿಹಾಸದ ಹೊಸ ಪುಟಗಳಿವೆ. 2010ರ ಥಾರ್ ಹಳೆಯ ಜೀಪಿನ ಮಗ. ಹಿಂದೆ ಅಡ್ಡ ಬೆಂಚು, ಹಿಂದಿನಿಂದಲೇ ಪ್ರವೇಶ. 2020ರ ಥಾರ್ ಬೆಂಚನ್ನು ಮುಂದಕ್ಕೆ ತಿರುಗಿಸಿತು. ಆಗ ಹಿಂಬಾಗಿಲು ಲಗೇಜಿಗೆ ಸೇರಿ, ಹಿಂದೆ ಕೂರುವವರು ಡ್ರೈವರ್ ಪಕ್ಕದ ಸೀಟು ಮಡಚಿ ತೂರುವ ಯುರೋಪಿನ ಕಸರತ್ತಿಗೆ ಬಂದರು. ನೆಲವೂ ಎತ್ತರವಾದ್ದರಿಂದ ಮೊದಲು ಏರಬೇಕು, ಕೂಡಲೇ ಬಗ್ಗಬೇಕು. 2024ರಲ್ಲಿ ಬಾಗಿಲು ಹೆಚ್ಚಿಸಿಕೊಂಡ ಥಾರ್ ರಾಕ್ಸ್ ಬಂತು, ಅದೇ ವರ್ಷ ಫೋರ್ಸ್ ಗುರ್ಖಾ ಕೂಡ ಅದೇ ಹಾದಿ ಹಿಡಿಯಿತು. ಬೇರೆ ದೇಶಗಳಲ್ಲಿ ಎರಡು ಬಾಗಿಲಿನಿಂದ ಹೆಸರಾದ ಜಿಮ್ನಿಯನ್ನು ಮಾರುತಿ 2023ರಲ್ಲಿ ಇಲ್ಲಿ ನಾಲ್ಕು ಬಾಗಿಲಿನಲ್ಲೇ ಮಾರಾಟಕ್ಕಿಟ್ಟಿತು. ಹೆರಾಲ್ಡಿಗೆ ಆದದ್ದೇ ದಶಕಗಳ ಮೇಲೆ ಜೀಪಿನ ವಂಶಕ್ಕೂ ಆಯಿತು. ಜೀಪಿನ ಹಿಂದಿನ ಸೀಟಿಗೂ ಅಜ್ಜ ಅಜ್ಜಿ ಬಂದರಲ್ಲ!

ಅಡ್ಡ ಬೆಂಚು ಮಾತ್ರ ಹಳ್ಳಿಯ ದಾರಿಯಲ್ಲಿ ಇನ್ನೂ ಓಡುತ್ತಿದೆ. ಸೀಟ್ ಬೆಲ್ಟ್ ಕಡ್ಡಾಯ ಮಾಡುವ ಕೇಂದ್ರ ಮೋಟಾರು ವಾಹನ ನಿಯಮ 138 ಡ್ರೈವರನನ್ನು, ಮುಂದಿನ ಸೀಟಿನವರನ್ನು, ಮುಂದಕ್ಕೆ ಮುಖಮಾಡಿದ ಹಿಂದಿನ ಸೀಟಿನವರನ್ನು ಹೆಸರಿಸುತ್ತದೆ. ಎದುರುಬದುರು ಮೊಣಕಾಲು ತಾಗಿಸಿಕೊಂಡು ಕೂತವರು ಆ ಸಾಲಿನಲ್ಲಿಲ್ಲ. ತಿರುವು ಬಂದಾಗ ಅವರು ಒಂದು ಕೈಯಲ್ಲಿ ಸಂತೆಯ ಚೀಲ, ಇನ್ನೊಂದರಲ್ಲಿ ಹುಡ್ಡಿನ ಕಂಬಿ ಹಿಡಿದುಕೊಳ್ಳುತ್ತಾರೆ.