ಕಗಪ ಕನ್ನಡ ಕೀಲಿಮಣೆ: ಬೆಳವಣಿಗೆಯ ಇತಿಹಾಸ ಮತ್ತು ಕೊಡುಗೆದಾರರು

1. ಪೀಠಿಕೆ

ಜಾತಿ, ಆದಾಯ ಮತ್ತು ವಾಸಸ್ಥಳ ಪ್ರಮಾಣಪತ್ರಗಳು, ಪಹಣಿ ಮುಂತಾದ ದಾಖಲೆಗಳು ಇಂದು ಗಣಕಯಂತ್ರದಲ್ಲಿ ಕನ್ನಡದಲ್ಲಿಯೇ ಸಿದ್ಧವಾಗುತ್ತವೆ. ಅರ್ಜಿದಾರರ ಹೆಸರು ದಾಖಲೆಯಲ್ಲಿ ಹೇಗೆ ಮೂಡುತ್ತದೆ ಎಂಬುದು ಬೆರಳಚ್ಚಿಸುವವರ ಜಾಗರೂಕತೆಯನ್ನು ಮಾತ್ರವಲ್ಲದೆ, ಬಳಸುವ ಕೀಲಿಮಣೆ ಹಾಗೂ ಅಕ್ಷರ ಸಂಕೇತವನ್ನೂ ಅವಲಂಬಿಸಿರುತ್ತದೆ. ಕನ್ನಡದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕೀಲಿಮಣೆಗಳಲ್ಲೊಂದಾದ ‘ಕಗಪ’ ವಿನ್ಯಾಸವು ರೂಪುಗೊಂಡ ಬಗೆ, ಅದು ಮುಕ್ತ ತಂತ್ರಾಂಶಗಳ ಭಾಗವಾದ ಕ್ರಮ ಹಾಗೂ ಅದಕ್ಕೆ ದುಡಿದವರ ವಿವರಗಳನ್ನು ಇಲ್ಲಿ ನೀಡಲಾಗಿದೆ. ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ಅರ್ಜಿದಾರರು ಗಮನಿಸಬೇಕಾದ ಅಂಶಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.

2. ಹಿನ್ನೆಲೆ

ಕನ್ನಡದಲ್ಲಿ ಸ್ವರ, ವ್ಯಂಜನ, ಗುಣಿತಾಕ್ಷರ ಮತ್ತು ಒತ್ತಕ್ಷರಗಳು ಸೇರಿ ಸಾವಿರಾರು ರೂಪಗಳಾಗುತ್ತವೆ. ಆಂಗ್ಲ ಕೀಲಿಮಣೆಯಲ್ಲಿರುವ ಅಕ್ಷರ ಕೀಲಿಗಳು 26 ಮಾತ್ರ. ಈ ಅಂತರವನ್ನು ನೀಗಿಸಲು 1980ರ ದಶಕದಿಂದ ಹಲವು ಪ್ರಯತ್ನಗಳು ನಡೆದವು. ಭಾರತ ಸರ್ಕಾರವು ಎಲ್ಲ ಭಾರತೀಯ ಭಾಷೆಗಳಿಗೆ ಸಮಾನವಾದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವನ್ನು 1986ರಲ್ಲಿ ರೂಪಿಸಿತು. 1991ರಲ್ಲಿ ‘ಇಸ್ಕಿ’ ಸಂಕೇತವನ್ನು ಭಾರತೀಯ ಮಾನಕವಾಗಿ ಪ್ರಕಟಿಸಲಾಯಿತು.

ಆದಾಗ್ಯೂ ಮುದ್ರಣಾಲಯಗಳಲ್ಲಿ ಮತ್ತು ಕಚೇರಿಗಳಲ್ಲಿ ಬಳಕೆಗೆ ಬಂದ ತಂತ್ರಾಂಶಗಳು ತಮ್ಮವೇ ಆದ ಕೀಲಿಮಣೆ ಹಾಗೂ ತಮ್ಮವೇ ಆದ ಅಕ್ಷರಶೈಲಿ ಸಂಕೇತಗಳನ್ನು ಹೊಂದಿದ್ದವು. ಒಂದು ತಂತ್ರಾಂಶದಲ್ಲಿ ಕಲಿತವರು ಇನ್ನೊಂದರಲ್ಲಿ ಬೆರಳಚ್ಚಿಸಲು ಮತ್ತೆ ಕಲಿಯಬೇಕಾಗುತ್ತಿತ್ತು. ಒಂದು ಕಚೇರಿಯ ಕಡತವು ಇನ್ನೊಂದು ಕಚೇರಿಯಲ್ಲಿ ತೆರೆದುಕೊಂಡರೂ ಓದಲು ಬರುತ್ತಿರಲಿಲ್ಲ.

3. ವಿನ್ಯಾಸದ ರಚನೆ: ಶ್ರೀ ಕೆ.ಪಿ. ರಾವ್

ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಶ್ರೀ ಕೆ.ಪಿ. ರಾವ್ (ಕಿನ್ನಿಕಂಬಳ ಪದ್ಮನಾಭ ರಾವ್) ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ, ಅಕ್ಷರ ಜೋಡಣೆಯ ಯಂತ್ರಗಳಿಗೆ ಹೆಸರಾದ ಮಾನೊಟೈಪ್ ಸಂಸ್ಥೆಯಲ್ಲಿಯೂ ಸೇವೆ ಸಲ್ಲಿಸಿದವರು. ಕನ್ನಡ ಅಕ್ಷರಗಳ ಉಚ್ಚಾರಣೆಗೆ ಹತ್ತಿರವಾದ ಆಂಗ್ಲ ಕೀಲಿಗಳನ್ನು ಹೊಂದಿಸಿದ ಧ್ವನ್ಯಾತ್ಮಕ ವಿನ್ಯಾಸವನ್ನು ಅವರು ರಚಿಸಿದರು. ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶವನ್ನೂ ಹೊರತಂದರು.

ವಿನ್ಯಾಸದ ತತ್ವ ಸರಳವಾದುದು. ‘ಕೆ’ ಕೀಲಿಯನ್ನು ಒತ್ತಿದರೆ ‘ಕ’ ಮೂಡುತ್ತದೆ; ಶಿಫ್ಟ್ ಕೀಲಿಯೊಡನೆ ಒತ್ತಿದರೆ ಮಹಾಪ್ರಾಣವಾದ ‘ಖ’ ಮೂಡುತ್ತದೆ. ವ್ಯಂಜನದ ನಂತರ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರವಾಗುತ್ತದೆ. ಎರಡು ವ್ಯಂಜನಗಳ ನಡುವೆ ‘ಎಫ್’ ಕೀಲಿಯನ್ನು ಒತ್ತಿದರೆ ಒತ್ತಕ್ಷರವಾಗುತ್ತದೆ. ‘ತ’ ವರ್ಗಕ್ಕೆ ‘ಟಿ’ ಮತ್ತು ‘ಡಿ’ ಕೀಲಿಗಳು ಬಳಕೆಯಾಗಿರುವುದರಿಂದ ‘ಟ’ ಅಕ್ಷರಕ್ಕೆ ‘ಕ್ಯೂ’ ಕೀಲಿಯನ್ನೂ ‘ಡ’ ಅಕ್ಷರಕ್ಕೆ ‘ಡಬ್ಲ್ಯು’ ಕೀಲಿಯನ್ನೂ ನೀಡಲಾಗಿದೆ. ಉದಾಹರಣೆಗೆ, ‘ಬಂಗಾರಪೇಟೆ’ ಎಂಬ ಪದವನ್ನು ಒಂಬತ್ತು ಬಾರಿ ಕೀಲಿ ಒತ್ತಿ ಬರೆಯಬಹುದು: ಬ, ಅನುಸ್ವಾರ, ಗ, ದೀರ್ಘ, ರ, ಪ, ಏತ್ವ, ಟ, ಎತ್ವ. ಕೈಯಲ್ಲಿ ಬರೆಯುವವರು ಯೋಚಿಸುವ ಕ್ರಮವೂ ಇದೇ ಆಗಿದೆ.

ಶ್ರೀ ರಾವ್ ಅವರು ಈ ವಿನ್ಯಾಸವನ್ನು ತಮ್ಮ ಸ್ವತ್ತಾಗಿ ಇರಿಸಿಕೊಳ್ಳದೆ ಸಾರ್ವಜನಿಕರ ಬಳಕೆಗೆ ಬಿಟ್ಟರು. ಮುಂದಿನ ಎಲ್ಲ ಬೆಳವಣಿಗೆಗೂ ಈ ನಿರ್ಧಾರವೇ ಆಧಾರವಾಯಿತು.

4. ನುಡಿ ಮತ್ತು ಬರಹ

ಶ್ರೀ ಶೇಷಾದ್ರಿ ವಾಸು ಅವರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಮನೆಗಳಲ್ಲಿ ಹಾಗೂ ವಿದೇಶದಲ್ಲಿರುವ ಕನ್ನಡಿಗರಲ್ಲಿ ಕನ್ನಡ ಬೆರಳಚ್ಚು ಹರಡಲು ಇದು ಪ್ರಮುಖ ಕಾರಣವಾಯಿತು. ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ಅಭಿವೃದ್ಧಿಪಡಿಸಿತು. 2000ರ ದಶಕದಲ್ಲಿ ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ನುಡಿ ವ್ಯಾಪಕವಾಗಿ ಬಳಕೆಗೆ ಬಂದಿತು. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯು ರಾಜ್ಯ ಸರ್ಕಾರದ ಶಿಷ್ಟ ವಿನ್ಯಾಸವಾಗಿ ಅಂಗೀಕೃತವಾಯಿತು. ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳಿಂದಲೇ ‘ಕಗಪ’ ಎಂಬ ಹೆಸರು ಬಂದಿದೆ.

ಈ ತಂತ್ರಾಂಶಗಳ ಆರಂಭದ ಆವೃತ್ತಿಗಳು ಬಳಕೆದಾರರಿಗೆ ಉಚಿತವಾಗಿ ದೊರೆತವು. ಆದರೆ ಉಚಿತ ತಂತ್ರಾಂಶವೂ ಮುಕ್ತ ತಂತ್ರಾಂಶವೂ ಒಂದೇ ಅಲ್ಲ. ಮುಕ್ತ ತಂತ್ರಾಂಶದಲ್ಲಿ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು ಮತ್ತು ಹಂಚಬಹುದು. ಅದನ್ನು ರಚಿಸಿದವರು ಕೆಲಸವನ್ನು ನಿಲ್ಲಿಸಿದರೂ ಬೇರೆಯವರು ಮುಂದುವರಿಸಬಹುದು.

5. ಯೂನಿಕೋಡ್ ಮತ್ತು ಮುಕ್ತ ತಂತ್ರಾಂಶಗಳು

1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ಮೀಸಲಿಡಲಾಗಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಯು ‘ತುಂಗಾ’ ಅಕ್ಷರಶೈಲಿಯೊಡನೆ ಕನ್ನಡ ಯೂನಿಕೋಡ್‌ಗೆ ಬೆಂಬಲ ನೀಡಿತು. 2009ರ ನವೆಂಬರ್‌ನಲ್ಲಿ ಭಾರತ ಸರ್ಕಾರವು ವಿದ್ಯುನ್ಮಾನ ಆಡಳಿತಕ್ಕೆ ಯೂನಿಕೋಡ್ ಅನ್ನು ಮಾನಕವಾಗಿ ಪ್ರಕಟಿಸಿತು.

ಕೀಲಿಮಣೆ ವಿನ್ಯಾಸವು ಎಲ್ಲರಿಗೂ ತೆರೆದಿದ್ದುದರಿಂದ ಯೂನಿಕೋಡ್ ಆಧಾರದಲ್ಲಿ ಅದನ್ನು ಮರಳಿ ರಚಿಸಲು ಅಡ್ಡಿಯಿರಲಿಲ್ಲ. ಈ ಹಂತದ ಪ್ರಮುಖ ಕೊಡುಗೆಗಳು ಹೀಗಿವೆ:

(ಅ) ಲಿನಕ್ಸ್ ವ್ಯವಸ್ಥೆಗಳ ಕೀಲಿಮಣೆ ಸಂಗ್ರಹದಲ್ಲಿ ಈ ವಿನ್ಯಾಸವು ‘ಕಗಪ’ ಎಂಬ ಹೆಸರಿನಲ್ಲಿಯೇ ಸೇರಿದೆ. ಹಿಂದಿ, ಮರಾಠಿ, ಸಂಸ್ಕೃತ ಮತ್ತು ತೆಲುಗು ಭಾಷೆಗಳಿಗೂ ಇದೇ ಹೆಸರಿನ ವಿನ್ಯಾಸಗಳು ಅಲ್ಲಿ ಲಭ್ಯವಿವೆ.

(ಆ) ಶ್ರೀ ಜುನೈದ್ ಪಿ.ವಿ. ಅವರು ಆರಂಭಿಸಿದ ‘ನಾರಾಯಂ’ ಬೆರಳಚ್ಚು ಸಾಧನವು 2011ರಲ್ಲಿ ವಿಕಿಪೀಡಿಯದಲ್ಲಿ ಬಳಕೆಗೆ ಬಂದಿತು. 2013ರಲ್ಲಿ ಅದರ ಸ್ಥಾನಕ್ಕೆ ಬಂದ ಸಾಧನದ ರಚನೆಯಲ್ಲಿ ಶ್ರೀ ಸಂತೋಷ್ ತೋಟ್ಟಿಂಗಲ್ ಮೊದಲಾದವರು ಶ್ರಮಿಸಿದರು. ಅದರಲ್ಲಿ ಕಗಪ ವಿನ್ಯಾಸವೂ ಸೇರಿದ್ದು, ಬ್ರೌಸರ್‌ನಲ್ಲಿಯೇ ಕನ್ನಡ ಬರೆಯಬಹುದಾಗಿದೆ. ಕನ್ನಡದ ಕೀಲಿಮಣೆಯೊಂದಕ್ಕೆ ಮಲಯಾಳ ಭಾಷಿಕರು ದುಡಿದಿರುವುದು ಮುಕ್ತ ತಂತ್ರಾಂಶದ ಸ್ವರೂಪವನ್ನು ತೋರಿಸುತ್ತದೆ.

(ಇ) ರೆಡ್ ಹ್ಯಾಟ್ ಸಂಸ್ಥೆಯು ‘ಲೋಹಿತ್ ಕನ್ನಡ’ ಅಕ್ಷರಶೈಲಿಯನ್ನು ಮುಕ್ತ ಪರವಾನಗಿಯಡಿ ನೀಡಿತು. ‘ಗುಬ್ಬಿ’ ಮತ್ತು ‘ನವಿಲು’ ಮುಕ್ತ ಅಕ್ಷರಶೈಲಿಗಳಿಗೆ ಶ್ರೀ ಅರವಿಂದ ವಿ.ಕೆ. ಅವರು ದುಡಿದಿದ್ದಾರೆ.

(ಈ) ನುಡಿ ಹಾಗೂ ಬರಹದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಮುಕ್ತ ಸಾಧನವನ್ನೂ ಶ್ರೀ ಅರವಿಂದ ಅವರು ರಚಿಸಿದ್ದಾರೆ.

6. ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಪ್ರದೇಶದಲ್ಲಿ ಇದರ ಮಹತ್ವ

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಚಿನ್ನದ ಗಣಿಗಳ ಆಡಳಿತವನ್ನು ಕೈಗೊಂಡ ನಂತರ ತಮಿಳು ಹಾಗೂ ತೆಲುಗು ಪ್ರದೇಶಗಳಿಂದ ಬಹುಸಂಖ್ಯೆಯ ಕಾರ್ಮಿಕರು ಇಲ್ಲಿಗೆ ಬಂದು ನೆಲೆಸಿದರು. ಭಾರತ್ ಗೋಲ್ಡ್ ಮೈನ್ಸ್ ನಿಯಮಿತದ ಗಣಿಗಳು 2001ರಲ್ಲಿ ಮುಚ್ಚಿದವು. ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿದ್ದ ಕೆ.ಜಿ.ಎಫ್., 2017–18ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲೊಂದಾಯಿತು.

ಈ ಪ್ರದೇಶದ ಅನೇಕ ಕುಟುಂಬಗಳಲ್ಲಿ ಹೆಸರು ತಮಿಳಿನಲ್ಲಿ ಹುಟ್ಟಿ, ಗಣಿಯ ದಾಖಲೆಯಲ್ಲಿ ಆಂಗ್ಲಕ್ಕೆ ಬಂದು, ಸರ್ಕಾರಿ ಪ್ರಮಾಣಪತ್ರದಲ್ಲಿ ಕನ್ನಡಕ್ಕೆ ಬರುತ್ತದೆ. ತಮಿಳು ಲಿಪಿಯಲ್ಲಿ ಕ–ಗ, ತ–ದ, ಪ–ಬ ಅಕ್ಷರಗಳಿಗೆ ಬೇರೆ ಬೇರೆ ರೂಪಗಳಿಲ್ಲ; ಆಂಗ್ಲದಲ್ಲಿ ಲ–ಳ, ಎ–ಏ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಒಂದೇ ಹೆಸರು ‘ಏಳುಮಲೈ’, ‘ಎಲುಮಲೈ’, ‘ಯೇಳುಮಲೆ’ ಎಂದು ಮೂರು ಬಗೆಯಾಗಿ ದಾಖಲಾಗಬಹುದು. ಓದುವವರಿಗೆ ಇವು ಒಬ್ಬನೇ ವ್ಯಕ್ತಿಯ ಹೆಸರುಗಳಾದರೂ ಗಣಕಯಂತ್ರಕ್ಕೆ ಮೂವರು ವ್ಯಕ್ತಿಗಳ ಹೆಸರುಗಳಾಗಿವೆ. ಯಾವ ತಂತ್ರಾಂಶವೂ ಇದನ್ನು ತಾನಾಗಿ ಸರಿಪಡಿಸಲಾರದು. ತನ್ನ ಹೆಸರಿನ ಸರಿಯಾದ ರೂಪವನ್ನು ಹೇಳಬಲ್ಲವರು ಅರ್ಜಿದಾರರೇ ಆಗಿದ್ದಾರೆ.

7. ಅರ್ಜಿದಾರರ ಗಮನಕ್ಕೆ

(1) ತಮ್ಮ ಹಾಗೂ ತಂದೆ-ತಾಯಿಯರ ಹೆಸರನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಸೂಕ್ತ. ಕನ್ನಡ ಬರೆಯಲು ಬಾರದವರು ಈಗಾಗಲೇ ಪಡೆದಿರುವ, ಹೆಸರು ಸರಿಯಾಗಿರುವ ಕನ್ನಡ ದಾಖಲೆಯೊಂದನ್ನು ತೋರಿಸಬಹುದು.

(2) ಅನುಸ್ವಾರ ‘ಂ’ ಮತ್ತು ಕನ್ನಡ ಅಂಕಿ ‘೦’ ನೋಡಲು ಒಂದೇ ರೀತಿ ಇವೆ. ‘ಗೋವಿಂದ’ ಎಂಬ ಹೆಸರಿನಲ್ಲಿ ಅನುಸ್ವಾರದ ಬದಲು ಸೊನ್ನೆ ಸೇರಿದ್ದಲ್ಲಿ ಮುದ್ರಿತ ಪ್ರತಿಯಲ್ಲಿ ದೋಷ ಕಾಣುವುದಿಲ್ಲ. ಆದರೆ ಹುಡುಕಿದಾಗ ಹೆಸರು ಸಿಗುವುದಿಲ್ಲ. ಅಂತರಜಾಲದಲ್ಲಿ ತಾವೇ ಅರ್ಜಿ ತುಂಬುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

(3) ‘ರಾಜ್‌ಕುಮಾರ್’, ‘ರಾಜ್ಕುಮಾರ್’, ‘ರಾಜಕುಮಾರ್’ ಇವು ಗಣಕಯಂತ್ರಕ್ಕೆ ಮೂರು ಬೇರೆ ಪದಗಳು. ಮೊದಲನೆಯದರಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದಿದೆ. ಎಲ್ಲ ಅರ್ಜಿಗಳಲ್ಲಿಯೂ ಒಂದೇ ರೂಪವನ್ನು ಬಳಸತಕ್ಕದ್ದು.

(4) ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಮನವಿಗಳು ಬೇರೆ ಗಣಕಯಂತ್ರದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗಿ ಕಾಣಬಹುದು. ಅಂತಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮತ್ತೊಮ್ಮೆ ಓದಿ ನೋಡಿದ ನಂತರವೇ ಕಳುಹಿಸುವುದು ಉತ್ತಮ.

(5) ಪ್ರಮಾಣಪತ್ರ ಅಂತಿಮಗೊಳ್ಳುವ ಮುನ್ನ ಹೆಸರನ್ನು ಪರದೆಯ ಮೇಲೆ ತೋರಿಸುವಂತೆ ಕೋರಿ, ಅಕ್ಷರಕ್ಕೆ ಅಕ್ಷರ ಓದಿ ಖಚಿತಪಡಿಸಿಕೊಳ್ಳುವುದು. ಒಂದು ಅಕ್ಷರವನ್ನು ಆಗಲೇ ತಿದ್ದಲು ಕೆಲವು ಕ್ಷಣಗಳು ಸಾಕು. ಅದೇ ತಪ್ಪು ಶಾಲಾ ದಾಖಲಾತಿ, ಪಿಂಚಣಿ ಅಥವಾ ವಾರಸಾ ಹಕ್ಕಿನ ಸಂದರ್ಭದಲ್ಲಿ ಬೆಳಕಿಗೆ ಬಂದರೆ, ಇಬ್ಬರೂ ಒಬ್ಬರೇ ಎಂಬುದನ್ನು ಅರ್ಜಿದಾರರೇ ರುಜುವಾತುಪಡಿಸಬೇಕಾಗುತ್ತದೆ.