ಅಂತರಿಕ್ಷನೌಕೆಯ ಚಾಲಕಪೀಠಕ್ಕೆ ಮಹಿಳೆ ಬಂದ ದಾರಿ

೧

ಯಾವುದೇ ಅಧಿಕಾರಸ್ಥಾನದ ಇತಿಹಾಸವನ್ನು ಬರೆಯಹೊರಟವನು ಆ ಪೀಠದಲ್ಲಿ ಮೊದಲು ಕುಳಿತವರ ಹೆಸರನ್ನು ದಾಖಲಿಸಿದ ಮಾತ್ರಕ್ಕೆ ಅವನ ಕೆಲಸ ಮುಗಿಯುವುದಿಲ್ಲ. ಆ ಸ್ಥಾನಕ್ಕೆ ವಿಧಿಸಿದ್ದ ಅರ್ಹತೆಗಳು ಯಾವುವು, ಆ ಅರ್ಹತೆಗಳನ್ನು ಸಂಪಾದಿಸಬಹುದಾಗಿದ್ದ ಶಾಲೆಗಳ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನೂ ಅವನು ಪರಿಶೀಲಿಸಬೇಕಾಗುತ್ತದೆ. ಅಂತರಿಕ್ಷಯಾನದ ಚರಿತ್ರೆಯಲ್ಲಿ ಮಹಿಳೆಯರ ಸ್ಥಾನವನ್ನು ವಿವೇಚಿಸುವಾಗ ಈ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

೧೯೬೩ರ ಜೂನ್ ೧೬ರಂದು ಸೋವಿಯೆತ್ ಒಕ್ಕೂಟದ ವಲೆಂಟೀನಾ ತೆರೆಷ್ಕೋವಾ ಅವರು ವೊಸ್ತೋಕ್-೬ ನೌಕೆಯಲ್ಲಿ ಅಂತರಿಕ್ಷಕ್ಕೆ ಏರಿ, ಭೂಮಿಯನ್ನು ೪೮ ಬಾರಿ ಪ್ರದಕ್ಷಿಣೆ ಮಾಡಿ ಹಿಂದಿರುಗಿದರು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಮಹಿಳೆಯೊಬ್ಬರು ಅಂತರಿಕ್ಷನೌಕೆಯ ಚಾಲಕಪೀಠದಲ್ಲಿ ಕುಳಿತದ್ದು ೧೯೯೫ರ ಫೆಬ್ರವರಿಯಲ್ಲಿ. ಈ ಎರಡು ಘಟನೆಗಳ ನಡುವೆ ಮೂವತ್ತೊಂದು ವರ್ಷಗಳಿಗೂ ಮೀರಿದ ಅಂತರವಿದೆ. ಇದಕ್ಕೆ ಕಾರಣವೇನು? ಸಾಮರ್ಥ್ಯದ ಅಭಾವವೆಂದು ಕೆಲವರು ಹೇಳಿಯಾರು. ಪುರುಷರ ಪೂರ್ವಗ್ರಹವೆಂದು ಮತ್ತೆ ಕೆಲವರು ಹೇಳಿಯಾರು. ಮೊದಲನೆಯದು ಸತ್ಯಕ್ಕೆ ದೂರವಾದುದು. ಎರಡನೆಯದು ನಿಜವಾದರೂ ಅಪೂರ್ಣವಾದುದು. ಪೂರ್ವಗ್ರಹವು ನಿಯಮದ ರೂಪವನ್ನು ತಾಳಿ, ನಿಷ್ಪಕ್ಷಪಾತದ ಮುಖವಾಡವನ್ನು ಧರಿಸಿ ಹೇಗೆ ಕೆಲಸಮಾಡಿತು, ಆ ನಿಯಮವು ಹೇಗೆ ಹಂತಹಂತವಾಗಿ ಸಡಿಲಗೊಂಡಿತು ಎಂಬುದನ್ನು ಐಲೀನ್ ಕಾಲಿನ್ಸ್ ಅವರ ವೃತ್ತಿಜೀವನದ ಆಧಾರದಿಂದ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಅಮೆರಿಕದ ಮೊದಲ ಗಗನಯಾತ್ರಿಗಳನ್ನು ಸೈನ್ಯದ ಪರೀಕ್ಷಾ ವೈಮಾನಿಕರಿಂದಲೇ ಆರಿಸಬೇಕೆಂದು ಅಧ್ಯಕ್ಷ ಐಸೆನ್‌ಹೋವರ್ ಅವರು ೧೯೫೮ರ ಕೊನೆಯಲ್ಲಿ ನಿರ್ಧರಿಸಿದರು. ಪರೀಕ್ಷಾ ವೈಮಾನಿಕರ ಶಾಲೆಯಲ್ಲಿ ಉತ್ತೀರ್ಣನಾಗಿರಬೇಕು, ಜೆಟ್ ವಿಮಾನ ನಡೆಸುವ ಯೋಗ್ಯತೆಯಿರಬೇಕು, ೧,೫೦೦ ಗಂಟೆಗಳ ಹಾರಾಟವಾಗಿರಬೇಕು, ಇಂಜಿನಿಯರಿಂಗ್ ಪದವಿ ಅಥವಾ ಅದಕ್ಕೆ ಸಮನಾದ ವಿದ್ಯೆಯಿರಬೇಕು ಎಂಬವು ಮುಖ್ಯ ನಿಬಂಧನೆಗಳು. ಈ ಪಟ್ಟಿಯಲ್ಲಿ ಸ್ತ್ರೀಯರಿಗೆ ಪ್ರವೇಶವಿಲ್ಲವೆಂಬ ಮಾತು ಎಲ್ಲಿಯೂ ಇಲ್ಲ. ಹಾಗೆ ಬರೆಯುವ ಅಗತ್ಯವೂ ಇರಲಿಲ್ಲ. ಏಕೆಂದರೆ ಸೈನ್ಯದ ವೈಮಾನಿಕ ಶಾಲೆಗಳು ಆಗ ಮಹಿಳೆಯರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಒಳಬಾಗಿಲನ್ನು ತೆರೆದಿಟ್ಟು ಹೊರಬಾಗಿಲಿಗೆ ಬೀಗ ಹಾಕಿದಂತೆ ಈ ವ್ಯವಸ್ಥೆ.

ಹೀಗೆಂದು ಆ ದೇಶದ ಮಹಿಳೆಯರಿಗೆ ಸೈನಿಕ ವಿಮಾನಗಳ ಪರಿಚಯವೇ ಇರಲಿಲ್ಲವೆಂದು ಭಾವಿಸಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರು ವಾಯುಸೇನೆಯ ಸಹಾಯಕ ದಳದಲ್ಲಿ ವಿಮಾನಗಳನ್ನು ಕಾರ್ಖಾನೆಯಿಂದ ನೆಲೆಗಳಿಗೆ ಸಾಗಿಸಿದರು, ದುರಸ್ತಿಯಾದ ವಿಮಾನಗಳನ್ನು ಹಾರಿಸಿ ಪರೀಕ್ಷಿಸಿದರು. ಅವರಲ್ಲಿ ೩೮ ಮಂದಿ ಕರ್ತವ್ಯದಲ್ಲಿ ಪ್ರಾಣವನ್ನೂ ಒಪ್ಪಿಸಿದರು. ಆದರೆ ೧೯೪೪ರ ಡಿಸೆಂಬರಿನಲ್ಲಿ ಆ ದಳವನ್ನು ವಿಸರ್ಜಿಸಲಾಯಿತು. ಅವರಿಗೆ ಸೈನಿಕರೆಂಬ ಮಾನ್ಯತೆ ದೊರೆತದ್ದು ೧೯೭೭ರಲ್ಲಿ. ಈ ನಡುವೆ ೧೯೪೮ರ ಶಾಸನವೊಂದು ಸ್ತ್ರೀಯರಿಗೆ ಸೈನ್ಯದಲ್ಲಿ ಕಾಯಂ ಸ್ಥಾನವನ್ನು ಕೊಟ್ಟಿತಾದರೂ ಯುದ್ಧಕಾರ್ಯದ ವಿಮಾನಗಳಿಂದ ಅವರನ್ನು ದೂರವಿಟ್ಟಿತು.

ಮೊದಲ ಗಗನಯಾತ್ರಿಗಳ ದೇಹಪರೀಕ್ಷೆಯನ್ನು ನಡೆಸಿದ್ದ ವೈದ್ಯ ರ್‍ಯಾಂಡಾಲ್ಫ್ ಲವ್‌ಲೇಸ್ ಅವರು ಅದೇ ಪರೀಕ್ಷೆಗಳಿಗೆ ೧೯೬೦ರಲ್ಲಿ ಜೆರ್ರಿ ಕಾಬ್ ಎಂಬ ವಿಮಾನಚಾಲಕಿಯನ್ನು ಗುರಿಮಾಡಿದರು. ಕಾಬ್ ಅವರೂ ಅವರ ಹಿಂದೆ ಬಂದ ಹನ್ನೆರಡು ಮಹಿಳೆಯರೂ ಆ ಪರೀಕ್ಷೆಗಳಲ್ಲಿ ತೇರ್ಗಡೆಯಾದರು. ಆದರೆ ಇದು ಸರ್ಕಾರದ ಯೋಜನೆಯಾಗಿರದೆ ಖಾಸಗಿ ಪ್ರಯತ್ನವಾಗಿದ್ದುದರಿಂದ, ಮುಂದಿನ ಪರೀಕ್ಷೆಗಳಿಗೆ ೧೯೬೧ರಲ್ಲಿ ನೌಕಾಸೇನೆಯ ನೆಲೆ ದೊರೆಯಲಿಲ್ಲ. ೧೯೬೨ರ ಜುಲೈ ೧೭ ಮತ್ತು ೧೮ರಂದು ಅಮೆರಿಕದ ಪ್ರತಿನಿಧಿಸಭೆಯ ಉಪಸಮಿತಿಯೊಂದು ಈ ವಿಷಯದ ವಿಚಾರಣೆ ನಡೆಸಿತು. ಸ್ತ್ರೀಯರು ಈ ಕ್ಷೇತ್ರದಲ್ಲಿ ಇಲ್ಲದಿರುವುದು ಸಮಾಜದ ವ್ಯವಸ್ಥೆಯ ಫಲವೆಂದು ಜಾನ್ ಗ್ಲೆನ್ ಅವರು ಅಲ್ಲಿ ಅಭಿಪ್ರಾಯಪಟ್ಟರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಯ್ಕೆಯಾದಾಗ ಗ್ಲೆನ್ ಅವರಿಗೇ ಕಾಲೇಜಿನ ಪದವಿಯಿರಲಿಲ್ಲ. ಅವರ ಅನುಭವವನ್ನೇ ಪದವಿಗೆ ಸಮನೆಂದು ಅಂಗೀಕರಿಸಲಾಗಿತ್ತು. ಆದರೆ ಸಾವಿರಾರು ಗಂಟೆಗಳ ಕಾಲ ವಿಮಾನ ನಡೆಸಿದ್ದ ಕಾಬ್ ಅವರ ಅನುಭವವನ್ನು ಜೆಟ್ ಪರೀಕ್ಷಾಶಾಲೆಯ ಶಿಕ್ಷಣಕ್ಕೆ ಸಮನೆಂದು ಎಣಿಸಲು ಯಾರೂ ಒಪ್ಪಲಿಲ್ಲ. ನಿಯಮವೊಂದೇ ಆದರೂ ಅದರ ವ್ಯಾಖ್ಯಾನ ಎರಡಾಗಿತ್ತು.

೩

ಸೋವಿಯೆತ್ ದೇಶದಲ್ಲಿ ಮಹಿಳೆಗೆ ಮೊದಲೇ ಅವಕಾಶ ದೊರೆತದ್ದಕ್ಕೆ ರಾಜಕೀಯ ಸ್ಪರ್ಧೆ ಒಂದು ಕಾರಣ. ಯಂತ್ರದ ಸ್ವರೂಪ ಮತ್ತೊಂದು. ವೊಸ್ತೋಕ್ ನೌಕೆ ಬಹುಮಟ್ಟಿಗೆ ಸ್ವಯಂಚಾಲಿತವಾಗಿತ್ತು. ಯಾತ್ರಿಕನು ಇಳಿಯುವಾಗ ನೌಕೆಯಿಂದ ಹೊರಚಿಮ್ಮಿ ಧುಮುಕುಕೊಡೆಯ ನೆರವಿನಿಂದ ನೆಲ ಮುಟ್ಟಬೇಕಾಗಿತ್ತು. ಆದುದರಿಂದ ಬಟ್ಟೆಯ ಗಿರಣಿಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ಧುಮುಕುಕೊಡೆಯ ಅಭ್ಯಾಸ ಮಾಡಿದ್ದ ತೆರೆಷ್ಕೋವಾ ಅವರಂಥವರು ಅರ್ಹರಾದರು. ಆದರೆ ಆ ಬಾಗಿಲು ತೆರೆದಷ್ಟೇ ಬೇಗ ಮುಚ್ಚಿತು. ಐವರು ಮಹಿಳೆಯರ ಆ ತಂಡವನ್ನು ೧೯೬೯ರಲ್ಲಿ ವಿಸರ್ಜಿಸಲಾಯಿತು. ಎರಡನೆಯ ಮಹಿಳೆ ಸ್ವೆತ್ಲಾನಾ ಸವಿತ್ಸ್ಕಾಯಾ ಅವರು ಅಂತರಿಕ್ಷವನ್ನು ಕಂಡದ್ದು ೧೯೮೨ರಲ್ಲಿ. ಒಬ್ಬರನ್ನು ಕಳುಹಿಸುವುದು ಬೇರೆ, ಮುಂದೆ ಬರುವವರಿಗೆ ದಾರಿ ಮಾಡುವುದು ಬೇರೆ.

ಅಮೆರಿಕದಲ್ಲಿ ಬದಲಾವಣೆ ಬಂದದ್ದು ಎರಡು ದಿಕ್ಕುಗಳಿಂದ. ಅಂತರಿಕ್ಷಷಟಲ್ ನೌಕೆಯ ಯೋಜನೆಯಲ್ಲಿ ಚಾಲಕರಲ್ಲದೆ ವಿಜ್ಞಾನಿಗಳಿಗೂ ವೈದ್ಯರಿಗೂ ಕಾರ್ಯತಜ್ಞರೆಂಬ ಪ್ರತ್ಯೇಕ ಸ್ಥಾನ ದೊರೆಯಿತು. ೧೯೭೮ರ ಜನವರಿಯಲ್ಲಿ ಆರಿಸಿದ ೩೫ ಮಂದಿಯಲ್ಲಿ ಆರು ಜನ ಮಹಿಳೆಯರಿದ್ದರು. ಅವರಲ್ಲೊಬ್ಬರಾದ ಸ್ಯಾಲಿ ರೈಡ್ ಅವರು ೧೯೮೩ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆಯಾದರು. ಆದರೆ ಆರು ಮಂದಿಯೂ ಕಾರ್ಯತಜ್ಞರೇ; ಚಾಲಕರಾಗಿ ಆಯ್ಕೆಯಾದ ೧೫ ಮಂದಿಯೂ ಪುರುಷರೇ. ಚಾಲಕನಾಗಲು ಜೆಟ್ ವಿಮಾನದ ಮುಖ್ಯಚಾಲಕನಾಗಿ ೧,೦೦೦ ಗಂಟೆಗಳ ಅನುಭವ ಬೇಕಾಗಿತ್ತು. ಅದು ವಸ್ತುತಃ ಸೈನ್ಯದಲ್ಲಿ ದೊರೆಯುತ್ತಿದ್ದ ಅನುಭವ. ಎರಡನೆಯ ಬದಲಾವಣೆ ಅಲ್ಲಿಯೇ ಆಗಬೇಕಾಗಿತ್ತು. ನೌಕಾಸೇನೆಯೂ ಭೂಸೇನೆಯೂ ೧೯೭೪ರಲ್ಲಿ ಮೊದಲ ವಿಮಾನಚಾಲಕಿಯರನ್ನು ಕಂಡವು. ವಾಯುಸೇನೆಯ ಮೊದಲ ಹತ್ತು ಮಹಿಳೆಯರು ೧೯೭೭ರಲ್ಲಿ ತರಬೇತಿ ಮುಗಿಸಿದರು.

೪

ಕಾಲಿನ್ಸ್ ಅವರ ಜೀವನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವರು ಹುಟ್ಟಿದ್ದು ೧೯೫೬ರ ನವೆಂಬರ್ ೧೯ರಂದು, ನ್ಯೂಯಾರ್ಕ್ ಸಂಸ್ಥಾನದ ಎಲ್‌ಮೈರಾ ಪಟ್ಟಣದಲ್ಲಿ. ಇಂಜಿನಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರುಗಳಿಗೆ ಆ ಊರು ಹೆಸರಾದುದು. ಕುಟುಂಬ ಬಡತನದ್ದು, ಸರ್ಕಾರ ಕಟ್ಟಿಸಿಕೊಟ್ಟ ಮನೆಗಳಲ್ಲಿ ವಾಸ. ಕಾರ್ನಿಂಗ್ ಸಮುದಾಯ ಕಾಲೇಜಿನಲ್ಲಿ ಓದು ಆರಂಭಿಸಿದ ಅವರು, ಸಣ್ಣಪುಟ್ಟ ಕೆಲಸಗಳಿಂದ ಕೂಡಿಸಿದ ಹಣದಲ್ಲಿಯೇ ವಿಮಾನ ನಡೆಸುವುದನ್ನು ಕಲಿತರು. ೧೯೭೮ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಿಂದ ಗಣಿತ ಮತ್ತು ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು.

ಅದೇ ವರ್ಷ ಒಕ್ಲಹೋಮಾದ ವ್ಯಾನ್ಸ್ ವಾಯುಸೇನಾ ನೆಲೆಯಲ್ಲಿ ಅವರ ತರಬೇತಿ ಪ್ರಾರಂಭವಾಯಿತು. ಅವರು ಎರಡು ವರ್ಷ ಮೊದಲು ಪದವೀಧರರಾಗಿದ್ದರೆ ಈ ಬಾಗಿಲಿನ ಮುಂದೆ ಕಾದು ನಿಲ್ಲಬೇಕಾಗುತ್ತಿತ್ತು. ಕಾಲಿನ್ಸ್ ಅವರ ಪ್ರತಿಭೆಯಷ್ಟೇ ಮಹತ್ವದ್ದು ಕಾಲದ ಈ ಹೊಂದಾಣಿಕೆ. ೧೯೭೯ರಲ್ಲಿ ತೇರ್ಗಡೆಯಾದರೂ ೧೯೪೮ರ ಶಾಸನ ಇನ್ನೂ ಜಾರಿಯಲ್ಲಿದ್ದುದರಿಂದ ಯುದ್ಧವಿಮಾನದ ದಾರಿ ಅವರಿಗೆ ಇರಲಿಲ್ಲ. ಹಾಗಾದರೆ ಜೆಟ್ ಅನುಭವ ಬಂದದ್ದೆಲ್ಲಿಂದ? ಬೋಧನೆಯಿಂದ. ಅದೇ ನೆಲೆಯಲ್ಲಿ ೧೯೮೨ರವರೆಗೆ ಅವರು ಟಿ-೩೮ ಎಂಬ, ಶಬ್ದವೇಗವನ್ನು ಮೀರುವ ತರಬೇತಿ ಜೆಟ್ ವಿಮಾನದ ಬೋಧಕಿಯಾಗಿದ್ದರು. ಬಳಿಕ ಕ್ಯಾಲಿಫೋರ್ನಿಯಾದ ಟ್ರಾವಿಸ್ ನೆಲೆಯಿಂದ ಸಿ-೧೪೧ ಎಂಬ ಭಾರಿ ಸಾಗಣೆವಿಮಾನವನ್ನು ನಡೆಸಿದರು. ೧೯೮೩ರಲ್ಲಿ ಗ್ರೆನೇಡಾ ದ್ವೀಪದ ಕಾರ್ಯಾಚರಣೆಯಲ್ಲಿಯೂ ಹಾರಿದರು. ಯುದ್ಧಕ್ಕೆ ಅನರ್ಹರೆಂದು ಶಾಸನ ಹೇಳಿದ್ದವರನ್ನು ಯುದ್ಧರಂಗದ ಸಾಗಣೆಗೆ ಕಳುಹಿಸಲಾಯಿತೆಂಬ ವೈರುಧ್ಯವನ್ನು ಇತಿಹಾಸದ ವಿದ್ಯಾರ್ಥಿ ಗುರುತಿಸದಿರಲಾರನು.

೧೯೮೬ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿ ಪಡೆದ ಅವರು, ಕೊಲೊರಾಡೋದ ವಾಯುಸೇನಾ ಅಕಾಡೆಮಿಯಲ್ಲಿ ೧೯೮೯ರವರೆಗೆ ಗಣಿತದ ಸಹಾಯಕ ಪ್ರಾಧ್ಯಾಪಕರಾಗಿದ್ದರು. ಅನಂತರ ಎಡ್ವರ್ಡ್ಸ್ ನೆಲೆಯ ಪರೀಕ್ಷಾ ವೈಮಾನಿಕರ ಶಾಲೆಯನ್ನು ಸೇರಿದರು. ೧೯೯೦ರಲ್ಲಿ ಅಲ್ಲಿ ಉತ್ತೀರ್ಣರಾದಾಗ, ವಾಯುಸೇನೆಯ ಆ ಶಾಲೆಯಿಂದ ಹೊರಬಂದ ಎರಡನೆಯ ವಿಮಾನಚಾಲಕಿ ಅವರೆನಿಸಿದರು. ಅದೇ ವರ್ಷದ ಜನವರಿಯಲ್ಲಿ ನಾಸಾ ಸಂಸ್ಥೆ ಆರಿಸಿದ ೨೩ ಮಂದಿಯಲ್ಲಿ ಚಾಲಕಸ್ಥಾನಕ್ಕೆ ಆಯ್ಕೆಯಾದ ಏಕೈಕ ಮಹಿಳೆ ಅವರೇ. ಮಹಿಳೆಯರಿಗೆ ಯುದ್ಧವಿಮಾನಗಳನ್ನು ನಿಷೇಧಿಸಿದ್ದ ಶಾಸನ ರದ್ದಾದದ್ದು ೧೯೯೧ರಲ್ಲಿ. ಅವಕಾಶ ಕೈಗೂಡಿದ್ದು ೧೯೯೩ರಲ್ಲಿ. ಎಂದರೆ ಕಾಲಿನ್ಸ್ ಅವರು ಹೆದ್ದಾರಿಯಿಂದ ಬಂದವರಲ್ಲ. ಬೋಧನೆ, ಸಾಗಣೆ, ಗಣಿತ ಎಂಬ ಒಳದಾರಿಗಳಿಂದ ಬಂದವರು.

೫

೧೯೯೫ರ ಫೆಬ್ರವರಿ ೩ರಂದು ಡಿಸ್ಕವರಿ ನೌಕೆಯ ಚಾಲಕಿಯಾಗಿ ಕಾಲಿನ್ಸ್ ಅವರು ಮೊದಲ ಬಾರಿ ಅಂತರಿಕ್ಷಕ್ಕೆ ಏರಿದರು. ಆ ಯಾನದಲ್ಲಿ ನೌಕೆ ರಷ್ಯದ ಮೀರ್ ನಿಲ್ದಾಣದ ಸಮೀಪಕ್ಕೆ, ಸುಮಾರು ೧೧ ಮೀಟರಿನಷ್ಟು ಹತ್ತಿರಕ್ಕೆ ಹೋಯಿತು. ಲವ್‌ಲೇಸ್ ಅವರ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ ನೆಲದಲ್ಲಿಯೇ ಉಳಿದ ಹದಿಮೂವರಲ್ಲಿ ಏಳು ಮಂದಿ ಕಾಲಿನ್ಸ್ ಅವರ ಆಹ್ವಾನದ ಮೇರೆಗೆ ಫ್ಲಾರಿಡಾಕ್ಕೆ ಬಂದಿದ್ದರು. ೧೯೯೭ರ ಮೇ ತಿಂಗಳಲ್ಲಿ ಅಟ್ಲಾಂಟಿಸ್ ನೌಕೆಯ ಚಾಲಕಿಯಾಗಿ ಅವರು ಮತ್ತೊಮ್ಮೆ ಮೀರ್ ನಿಲ್ದಾಣಕ್ಕೆ ಹೋದರು.

೧೯೯೯ರ ಜುಲೈ ೨೩ರಂದು ಕೊಲಂಬಿಯಾ ನೌಕೆಯ ನಾಯಕತ್ವ ಅವರದಾಯಿತು. ಅಮೆರಿಕದ ಅಂತರಿಕ್ಷಯಾನವೊಂದಕ್ಕೆ ಮಹಿಳೆ ನಾಯಕಿಯಾದದ್ದು ಅದೇ ಮೊದಲು. ನೌಕೆ ಮೇಲೆದ್ದ ಐದು ಸೆಕೆಂಡುಗಳಲ್ಲಿ ವಿದ್ಯುತ್ ಮಾರ್ಗದ ದೋಷದಿಂದ ಎರಡು ಇಂಜಿನುಗಳ ನಿಯಂತ್ರಕಗಳು ಕೆಟ್ಟು, ಬದಲಿ ನಿಯಂತ್ರಕಗಳು ಕೆಲಸವನ್ನು ವಹಿಸಿಕೊಂಡವು. ಜೊತೆಗೆ ಇಂಜಿನೊಂದರಿಂದ ಜಲಜನಕ ಸೋರುತ್ತಿತ್ತು. ಇಷ್ಟಾದರೂ ನೌಕೆ ಉದ್ದೇಶಿಸಿದ್ದಕ್ಕಿಂತ ಅಲ್ಪವೇ ಕೆಳಗಿನ ಕಕ್ಷೆಯನ್ನು ಸೇರಿತು, ಕಾರ್ಯ ಸಾಂಗವಾಗಿ ನೆರವೇರಿತು. ಅಂದು ಕಕ್ಷೆಗೆ ಬಿಟ್ಟದ್ದು ಚಂದ್ರಾ ಎಂಬ ಕ್ಷಕಿರಣ ವೀಕ್ಷಣಾಲಯ; ಭಾರತದಲ್ಲಿ ಹುಟ್ಟಿ ಬೆಳೆದ ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನು ಅದು ಹೊತ್ತಿದೆ.

ಅದೇ ಕೊಲಂಬಿಯಾ ನೌಕೆ ೨೦೦೩ರ ಫೆಬ್ರವರಿ ೧ರಂದು ಹಿಂದಿರುಗುವಾಗ ಒಡೆದು, ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರೂ ಸೇರಿದಂತೆ ಏಳು ಮಂದಿ ಮೃತರಾದರು. ಚಾವ್ಲಾ ಅವರೂ ವಿಮಾನ ನಡೆಸಬಲ್ಲವರೇ. ಆದರೆ ಅವರು ಅಂತರಿಕ್ಷಕ್ಕೆ ಹೋದದ್ದು ಕಾರ್ಯತಜ್ಞೆಯಾಗಿ. ಈ ದುರಂತದ ಬಳಿಕ ಹೊರಟ ಮೊದಲ ಷಟಲ್ ಯಾನದ ಹೊಣೆ ಕಾಲಿನ್ಸ್ ಅವರ ಮೇಲೆ ಬಿತ್ತು. ೨೦೦೫ರ ಜುಲೈ ೨೮ರಂದು ಅಂತರರಾಷ್ಟ್ರೀಯ ನಿಲ್ದಾಣದಿಂದ ಸುಮಾರು ೧೮೦ ಮೀಟರ್ ಕೆಳಗೆ ಅವರು ಡಿಸ್ಕವರಿ ನೌಕೆಯನ್ನು ಪೂರ್ಣವಾಗಿ ಒಂದು ಸುತ್ತು ಮಗುಚಿ, ನೌಕೆಯ ತಳದ ಉಷ್ಣರಕ್ಷಣೆಯ ಹಂಚುಗಳ ಛಾಯಾಚಿತ್ರ ತೆಗೆಯಲು ನಿಲ್ದಾಣದವರಿಗೆ ಅವಕಾಶ ಮಾಡಿಕೊಟ್ಟರು. ಇಂಥ ಸುತ್ತು ಅದುವರೆಗೆ ನಡೆದಿರಲಿಲ್ಲ. ನಾಲ್ಕು ಯಾನಗಳಲ್ಲಿ ೮೭೨ ಗಂಟೆಗಳನ್ನು ಅಂತರಿಕ್ಷದಲ್ಲಿ ಕಳೆದ ಅವರು ೨೦೦೬ರಲ್ಲಿ ನಾಸಾದಿಂದ ನಿವೃತ್ತರಾದರು.

೬

ಒಬ್ಬರ ವಿಜಯವನ್ನು ಒಂದು ವರ್ಗದ ವಿಜಯವೆಂದು ತಿಳಿಯುವುದು ಅವಸರದ ತೀರ್ಮಾನವಾದೀತು. ೧೯೮೧ರಿಂದ ೨೦೧೧ರವರೆಗೆ ನಡೆದ ೧೩೫ ಷಟಲ್ ಯಾನಗಳಲ್ಲಿ ಚಾಲಕಪೀಠಕ್ಕೆ ಬಂದ ಮಹಿಳೆಯರು ಮೂವರೇ: ಕಾಲಿನ್ಸ್, ಸೂಸನ್ ಸ್ಟಿಲ್ ಮತ್ತು ಪಮೇಲಾ ಮೆಲ್‌ರಾಯ್. ನಾಯಕತ್ವ ವಹಿಸಿದವರು ಕಾಲಿನ್ಸ್ ಮತ್ತು ಮೆಲ್‌ರಾಯ್ ಇಬ್ಬರೇ. ಕಾರ್ಯತಜ್ಞರ ಸ್ಥಾನಕ್ಕೆ ವಿಶ್ವವಿದ್ಯಾನಿಲಯಗಳಿಂದ ಅನೇಕ ಮಹಿಳೆಯರು ಬಂದರು. ಚಾಲಕರ ಸ್ಥಾನಕ್ಕೆ ಬರಬೇಕಾದವರು ಸೈನ್ಯದ ಶಾಲೆಯ ಇಕ್ಕಟ್ಟಾದ ಬಾಗಿಲನ್ನು ದಾಟಿಯೇ ಬರಬೇಕಾಗಿತ್ತು. ಈ ಸಂಖ್ಯೆಗಳ ವ್ಯತ್ಯಾಸವೇ ನಮ್ಮ ವಾದಕ್ಕೆ ಬಲವಾದ ಆಧಾರ.

ಈ ವಿಚಾರ ನಮ್ಮ ದೇಶಕ್ಕೂ ಅನ್ಯವಲ್ಲ. ಭಾರತದ ಗಗನಯಾನ ಯೋಜನೆಗೆಂದು ೨೦೨೪ರ ಫೆಬ್ರವರಿಯಲ್ಲಿ ಹೆಸರಿಸಿದ ನಾಲ್ವರೂ ವಾಯುಸೇನೆಯ ಪರೀಕ್ಷಾ ವೈಮಾನಿಕರು, ನಾಲ್ವರೂ ಪುರುಷರು. ನಮ್ಮ ವಾಯುಸೇನೆಯ ಪರೀಕ್ಷಾ ವೈಮಾನಿಕರ ಶಾಲೆ ಇರುವುದು ಬೆಂಗಳೂರಿನಲ್ಲಿಯೇ. ಯುದ್ಧವಿಮಾನಗಳ ಶಾಖೆಗೆ ಮೊದಲ ಮೂವರು ಮಹಿಳೆಯರು ಸೇರಿದ್ದು ೨೦೧೬ರಲ್ಲಿ. ಅವರ ಮುಂದಿನ ಜೆಟ್ ತರಬೇತಿ ನಡೆದದ್ದು ನಮ್ಮ ಬೀದರಿನಲ್ಲಿ. ಚಾಲಕಪೀಠದ ದಾರಿ ಎಷ್ಟು ದೀರ್ಘವೆಂಬುದನ್ನು ಬಲ್ಲವರಿಗೆ ಈ ಎರಡು ಇಸವಿಗಳ ನಡುವಿನ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಹತೆಯ ನಿಯಮವನ್ನು ಸಡಿಲಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಕಾಲಿನ್ಸ್ ಅವರು ಯಾವ ನಿಯಮದ ಸಡಿಲಿಕೆಯನ್ನೂ ಬೇಡಿದವರಲ್ಲ. ನಿಯಮವನ್ನು ಬರೆಯುವ ದಿನಕ್ಕಿಂತ ಹತ್ತು ಹದಿನೈದು ವರ್ಷ ಮುಂಚೆಯೇ ಶಾಲೆಯ ಬಾಗಿಲು ತೆರೆದಿರಬೇಕು ಎಂಬುದಷ್ಟೇ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ.